ನಮ್ಮ ಬೂತಿನ ಆ ಒಂದು ಓಟು

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಆ ಗಾದೆ ಕಟ್ಟಿದವರು ಅಫಜಲಪುರದ ಕಡೆ ಚುನಾವಣೆಗೆ ನಿಂತಿರಲಿಕ್ಕಿಲ್ಲ. ನನ್ನ ಗಂಡ ನಿಂತಿದ್ದರು. ಪಕ್ಷವಿಲ್ಲ, ಜೀಪಿಲ್ಲ; ಗುರುತು ಹೊಲಿಗೆ ಯಂತ್ರ. ಭೀಮಾ ದಂಡೆಯ ನಮ್ಮೂರಿನ ಹುಡುಗಿಯರು ಹತ್ತನೆಯ ಇಯತ್ತೆ ಮುಗಿಸಿ ಮನೆಯಲ್ಲೇ ಕೂರುತ್ತಿದ್ದರು, ಕಾಲೇಜಿನ ಹೊತ್ತಿಗೆ ಬಸ್ಸಿರಲಿಲ್ಲ. ಎರಡೂ ದೊಡ್ಡ ಪಕ್ಷಗಳು ಸರದಿಯಂತೆ ಗೆದ್ದು ಸರದಿಯಂತೆ ಅದನ್ನು ಮರೆತಿದ್ದವು.

ಆ ಬೇಸಿಗೆ ಈಗ ಅರ್ಧ ಕನಸಿನ ಹಾಗೆ ನೆನಪಿದೆ. ಅವರು ಸೈಕಲ್ ಹತ್ತಿ ಪ್ರಚಾರಕ್ಕೆ ಹೋದ ಮೇಲೆ ನಾನು ಬಾಗಿಲಲ್ಲಿ ಕೂತು ಕುಬಸ ಹೊಲಿಯುತ್ತಿದ್ದೆ. ಯಂತ್ರದ ಸದ್ದಿನೊಳಗೆ ದೂರದಲ್ಲಿ ಬಸ್ಸೊಂದು ಬರುವ ಸದ್ದು ಕೇಳುತ್ತಿತ್ತು. ಬಿಸಿಲಿಗೆ ನದಿಯ ಮರಳು ಅಲುಗುವಂತೆ ಕಾಣುತ್ತಿತ್ತು, ಅದರ ಮೇಲೆಯೇ ಬಸ್ಸು ಬರುತ್ತಿತ್ತು, ಕಿಟಕಿ ತುಂಬ ಹುಡುಗಿಯರು. ಯಂತ್ರ ತುಳಿಯುವ ಕಾಲು ನಿಲ್ಲಿಸಿದರೆ ಬಸ್ಸೂ ಇಲ್ಲ.

ಅಳತೆ ಕೊಡಲು ಬಂದ ಹೆಂಗಸರು ಮುಚ್ಚುಮರೆ ಮಾಡುತ್ತಿರಲಿಲ್ಲ. "ಅಣ್ಣಾರು ಭಾಳ ಛಲೋ ಮನಷ್ಯಾರ್ರಿ. ಆದ್ರ ಗೆಲ್ಲೂದಿಲ್ಲ. ಓಟು ಯಾಕ ಹಾಳ ಮಾಡಬೇಕ್ರಿ?" ಅವರಿಗೆ ದೊಡ್ಡ ಪಕ್ಷಗಳ ಇಬ್ಬರಲ್ಲಿ ಒಬ್ಬನ ಅಂಜಿಕೆ ಇತ್ತು. ಅವನು ಪುಂಡ. ಅವನನ್ನು ತಡೆಯಲು ಇನ್ನೊಬ್ಬನೇ ಗತಿ ಎಂದು ನಂಬಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಮತದಾನದ ದಿನ ಮತಯಂತ್ರದ ಮುಂದೆ ನಿಂತೆ. ತಳದಲ್ಲಿ ನಮ್ಮ ಗುರುತು. ಪುಂಡ ಗೆದ್ದರೆ? ಬೆರಳು ತಾನಾಗಿ ಮೇಲೆ ಸರಿಯಿತು ಎನ್ನಬಹುದು, ಆದರೆ ಅದು ಸುಳ್ಳು. ನಾನೇ ಸರಿಸಿ ಆ ಇನ್ನೊಬ್ಬನ ಗುಂಡಿ ಒತ್ತಿದೆ.

ಎಣಿಕೆಯಾದ ಮೇಲೆ ಅವರು ಬೂತುವಾರು ಪಟ್ಟಿ ತಂದರು. ನಮ್ಮ ಬೂತಿನಲ್ಲಿ ಹೊಲಿಗೆ ಯಂತ್ರಕ್ಕೆ ಒಂದೇ ಓಟು. ಅದು ಅವರದೇ ಎಂದುಕೊಂಡು ನಾಚಿಕೆಯಿಂದ ತಲೆ ತಗ್ಗಿಸಿದೆ. ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ಒಳಗ ಹೋದ ಮ್ಯಾಲ ನನಗೂ ಅಂಜಿಕಿ ಆತು ಬೇ. ಆ ಪುಂಡ ಗೆದ್ದಬಿಟ್ರ ಅಂತ ಇನ್ನೊಬ್ಬನ್ನ ಒತ್ತಿ ಬಂದೆ. ನನಗ ನಾನೇ ಹಾಕ್ಕೊಳ್ಳಲಿಲ್ಲ." ಆಮೇಲೆ ಆ ಒಂದರ ಮೇಲೆ ಬೆರಳಿಟ್ಟು ಮೆಲ್ಲಗೆ ನಕ್ಕರು. "ನೀ ಒಬ್ಬಾಕಿ ನಂಬಿದ್ದಿ. ನನಗ ಅಷ್ಟ ಸಾಕು."

ನನ್ನ ಓಟು ಯಾರಿಗೆ ಹೋಯಿತೆಂದು ಅವರಿಗೆ ಇಂದಿಗೂ ಹೇಳಿಲ್ಲ.

ಈಗಲೂ ಯಾರಾದರೂ ಅಳತೆಗೆ ಬಂದರೆ, ಹೆಗಲಿಗೆ ಟೇಪು ಹಿಡಿದು ಅವರ ಮುಖವನ್ನೇ ನೋಡುತ್ತ ನಿಲ್ಲುತ್ತೇನೆ. ಆ ಒಂದು ಓಟು ಹಾಕಿದವಳು ಇವಳಿರಬಹುದೇ? "ಏನ್ ನೋಡಾಕತ್ತೀರಿ?" ಎಂದು ನಗುತ್ತಾರೆ. ಏನಿಲ್ಲ ಎನ್ನುತ್ತೇನೆ. ಸಿಕ್ಕರೆ ಅವಳ ಕಾಲಿಗೆ ಬೀಳಬೇಕು. ನನ್ನ ಗಂಡ ನನ್ನ ಮೇಲಿಟ್ಟ ನಂಬಿಕೆ ಅವಳದು.