ಕ್ವೇಕರ್ಸ್ ಹಿಲ್‌ನ ಅಧ್ಯಕ್ಷರು

ಹೋದ ವಾರ ಆಫೀಸಿನಲ್ಲಿ ಹೊಸ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ಎದುರಿಗೆ ಬಂದು ನಿಂತರು...

ಮಂಗಳೂರಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದ್ದವರು, ಸಿಡ್ನಿಗೆ ಬಂದು ಬ್ರೆಡ್ ಫ್ಯಾಕ್ಟರಿಯಲ್ಲಿ ರಟ್ಟಿನ ಪೆಟ್ಟಿಗೆ ತುಂಬಿಸುತ್ತಿದ್ದರು. ೨೦೦೪ರಲ್ಲಿ ನಾನು, ಸುಲಭವಿರಬಹುದೆಂದು ಯೂನಿವರ್ಸಿಟಿಯಲ್ಲಿ ಅಮೆರಿಕದ ರಾಜಕೀಯ ಆರಿಸಿಕೊಂಡು ಫೇಲಾಗುವ ಅಂಚಿನಲ್ಲಿದ್ದೆ. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಕಂಡವರ ದನಿಯನ್ನು ಅಣಕಿಸುವುದು. ಶನಿವಾರಗಳಂದು ಅಂಕಲ್ ಹಳೆಯ ರಟ್ಟಿನ ಮೇಲೆ ಮಾರ್ಕರಿನಿಂದ ಮೂರು ಚೌಕ ಬರೆದು ಪಾಠ ಶುರು ಮಾಡುತ್ತಿದ್ದರು. ಕಾನೂನು ಮಾಡುವವರು, ಜಾರಿಗೆ ತರುವವರು, ಸರಿಯೋ ತಪ್ಪೋ ಹೇಳುವವರು. ಒಬ್ಬರ ಮೇಲೆ ಇನ್ನೊಬ್ಬರ ಕಣ್ಣು.

ನನ್ನ ತಲೆಗೆ ಹತ್ತದಿದ್ದಾಗ ತಮ್ಮ ಮನೆಯನ್ನೇ ವಾಷಿಂಗ್ಟನ್ ಮಾಡಿಬಿಟ್ಟರು. ಅವರು ಅಧ್ಯಕ್ಷರು, ಆಂಟಿ ಮತ್ತು ಇಬ್ಬರು ಮಕ್ಕಳು ಕಾಂಗ್ರೆಸ್ಸು. ಭಾನುವಾರ ಮೀನಿನ ಬದಲು ಪಿಜ್ಜಾ ಎಂದು ಕಾಂಗ್ರೆಸ್ಸು ತೀರ್ಮಾನಿಸಿದರೆ ಅಂಕಲ್ ವೀಟೊ ಹಾಕಿ ತಡೆಯಬಹುದು. ಆದರೆ ಮೂರರಲ್ಲಿ ಎರಡು ಮತ ಮತ್ತೆ ಪಿಜ್ಜಾಕ್ಕೇ ಬಿದ್ದರೆ ವೀಟೊ ಕಸದ ಬುಟ್ಟಿಗೆ.

"ಅಧ್ಯಕ್ಷನಿಗೆ ಅಧಿಕಾರ ಉಂಟು. ಆದ್ರೆ ಎಂತ ಪ್ರಯೋಜನ ಮಾರಾಯ, ಪಿಜ್ಜಾ ತಿನ್ನಬೇಕಷ್ಟೆ."

ಸುಪ್ರೀಂ ಕೋರ್ಟು ಎಲ್ಲಿ ಎಂದು ಕೇಳಿದ್ದಕ್ಕೆ ಫೋನಿನ ಕಡೆ ಬೆರಳು ತೋರಿಸಿದರು. ಕೊನೆಯ ತೀರ್ಪು ಕೊಡುವ ಅವರ ಅತ್ತೆ, ಆಂಟಿಯ ತಾಯಿ, ಮಂಗಳೂರಿನಲ್ಲಿದ್ದರು. ನಾನು ಪಾಸಾದೆ.

ಅಂಕಲ್‌ಗಿದ್ದ ಆಸೆ ಒಂದೇ, ಮತ್ತೊಮ್ಮೆ ತರಗತಿಯ ಮುಂದೆ ನಿಲ್ಲಬೇಕು. ಪ್ರತಿ ಭಾನುವಾರ ಹೈಸ್ಕೂಲು ಮಕ್ಕಳಿಗೆ ಇದನ್ನೇ ಕಲಿಸಿ, ಕನ್ನಡದಲ್ಲೇ ಹೇಳಿ, ನಮ್ಮ ಭಾಷೆ ಅವರ ಕಿವಿಗೂ ಬೀಳಲಿ ಎಂದು ಸಿಡ್ನಿಯ ಕನ್ನಡ ಸಂಘದವರು ಕೇಳಿದಾಗ ತಿಂಗಳಿಡೀ ತಯಾರಾದರು. ಮೊದಲ ತರಗತಿಯ ಹಿಂದಿನ ವಾರ ಸಂಘದ ರಾಜ್ಯೋತ್ಸವ. ವೇದಿಕೆ ಹತ್ತಿದ ನಾನು ಮೊದಲು ನನ್ನನ್ನೇ ಅಣಕಿಸಿಕೊಂಡು, ಆಮೇಲೆ ಅಂಕಲ್‌ರ ದನಿಯಲ್ಲಿ ಅವರ ಪಿಜ್ಜಾ ಪಾಠ ಶುರು ಮಾಡಿದೆ. ಬೆಂಗಳೂರಿನವರಿಗೆ ಮಂಗಳೂರು ಕನ್ನಡ ಕಿವಿಗೆ ಬಿದ್ದರೇ ನಗು. ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಅಂಕಲ್ ಕೂಡ ಚಪ್ಪಾಳೆ ತಟ್ಟಿದರು.

ಮೊದಲ ತರಗತಿಯಲ್ಲಿ ನಾನೂ ಹಿಂದೆ ಕೂತಿದ್ದೆ.

"ಅಧ್ಯಕ್ಷನಿಗೆ ಅಧಿಕಾರ ಉಂಟು," ಎಂದರು ಅಂಕಲ್.

"ಎಂತ ಪ್ರಯೋಜನ ಮಾರಾಯ," ಎಂದು ಮಕ್ಕಳೆಲ್ಲ ಒಟ್ಟಿಗೆ ರಾಗ ಎಳೆದರು.

ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು. ನನ್ನದೇ ರಾಗ, ನನ್ನದೇ ಕತ್ತಿನ ಕೊಂಕು. ಅಂಕಲ್ ಒಮ್ಮೆ ನನ್ನತ್ತ ನೋಡಿದರು. ಉಳಿದ ಪಾಠವನ್ನೆಲ್ಲ ಇಂಗ್ಲಿಷಿನಲ್ಲಿ ಮುಗಿಸಿದರು, ಪುಸ್ತಕ ನೋಡಿ ಓದುವವರ ಹಾಗೆ. ಅದರಲ್ಲಿ ಆಂಟಿ ಇರಲಿಲ್ಲ, ಪಿಜ್ಜಾ ಇರಲಿಲ್ಲ. ಮುಂದಿನ ಭಾನುವಾರ ಅವರೇ ಬರಲಿಲ್ಲ.

ಅಲ್ಲಿಂದಾಚೆ ಬೇಲಿಯ ಬಳಿ ಸಿಕ್ಕರೆ ನನ್ನ ಜೊತೆಗೂ ಇಂಗ್ಲಿಷೇ. ಕ್ಷಮೆ ಕೇಳೋಣವೆಂದು ಎರಡು ಸಲ ಅವರ ಬಾಗಿಲ ತನಕ ಹೋದೆ. ಬಾಯಿ ತೆರೆದರೆ ಎಲ್ಲಿ ಅವರದೇ ದನಿ ಹೊರಡುತ್ತದೋ ಎಂದು ಹೆದರಿ ವಾಪಸಾದೆ. ಮರುವರ್ಷ ಅವರು ಮನೆ ಖಾಲಿ ಮಾಡಿಕೊಂಡು ಮೆಲ್ಬರ್ನ್‌ನ ಕ್ರೇಗಿಬರ್ನ್‌ಗೆ ಹೋದರು.

ಈ ಬೇಸಿಗೆಯಲ್ಲಿ ಅಂಕಲ್ ಹೃದಯಾಘಾತದಿಂದ ತೀರಿಕೊಂಡರಂತೆ. ಕ್ಷಮೆ ಕೇಳಲು ನನಗೆ ವರ್ಷಗಳೇ ಇದ್ದವು... ಮೊನ್ನೆ ಧೈರ್ಯ ಮಾಡಿ ಆಂಟಿಗೆ ಫೋನ್ ಮಾಡಿದೆ.

"ಅವರ ಸ್ವರ ನಾವು ಎಲ್ಲಿಯೂ ರೆಕಾರ್ಡ್ ಮಾಡಿ ಇಟ್ಟಿಲ್ಲ ಮಗಾ," ಎಂದರು. "ನಿನಗೆ ಬರ್ತದಲ್ಲ, ಒಮ್ಮೆ ಅವರ ಹಾಗೆ ಮಾತಾಡ್ತಿಯಾ?"

ಮಾತಾಡಿದೆ. ಹೊರಬಂದದ್ದು ನಾನು ವೇದಿಕೆಯ ಮೇಲೆ ಮಾಡಿದ ಅಂಕಲ್. ನನ್ನೆದುರು ಅಷ್ಟು ಶನಿವಾರ ತಾಳ್ಮೆಯಿಂದ ಕೂತಿದ್ದವರ ದನಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಆಂಟಿ ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಸಾಕು ಮಗಾ," ಎಂದರು. "ಇದು ಅವರದ್ದಲ್ಲ."