ಕತ್ತಲಲ್ಲಿ ಅಂದ ಹೂಂ

ನಮ್ಮ ಮನೆಯ ಹಿಂದಿನ ಕೋಣೆಗೆ ಟ್ರೈನಿಂಗ್ ಟೀಚರ್ ಬಾಡಿಗೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು ತುಂಬಿತ್ತೋ ಇಲ್ಲವೋ. ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ, ಎದೆಗೆ ಅವಚಿಕೊಂಡ ಪಾಠದ ಪುಸ್ತಕ, ಇಷ್ಟೇ ಅವಳ ಸಂಸಾರ. ಅಪ್ಪ ದರ್ಜಿ. ಅಂಗಿಗಳಿಗೆ ಕಾಜಾ ಹಾಕುತ್ತಲೇ ಓದಿ ಬೆಳೆದವಳು. ಕೈ ಬಲು ಚುರುಕು. ಬಾಯಿ ಮಾತ್ರ ದೇವರು ಕೊಟ್ಟೂ ಕೊಡದ ಹಾಗೆ. ಒಂದು ಲೋಟ ನೀರು ಕೇಳಿದರೂ ನಾನು ಒಲೆ ಬಿಟ್ಟು ಹತ್ತಿರ ಹೋಗಿ, ಏನಂದೆ ಎಂದು ಕೇಳಬೇಕಿತ್ತು.

ಅವಳಿಗೆ ನಾನು ಅಕ್ಕ, ನಮ್ಮನೆಯವರು ಭಾವ. ಅವರು ಥಿಯೇಟರಿನಲ್ಲಿ ಸಿನಿಮಾ ಓಡಿಸುವ ಆಪರೇಟರ್. ಬೆಳಗ್ಗೆಯೆಲ್ಲ ಮನೆಯಲ್ಲಿದ್ದು ಮಧ್ಯಾಹ್ನದ ಆಟಕ್ಕೆ ಸೈಕಲ್ ಹತ್ತುತ್ತಿದ್ದರು. ಅವಳನ್ನು ಟೀಚರಮ್ಮ ಎಂದೇ ಕರೆದು ರೇಗಿಸುತ್ತಿದ್ದರು.

ಹದಿನೈದು ದಿನ ಕಳೆದ ಮೇಲೆ ವಿಷಯ ತಿಳಿಯಿತು. ಹಿಂದಿನ ವರ್ಷ ಅವಳು ಮಕ್ಕಳ ಮುಂದೆ ಪಾಠ ಮಾಡಿ ತೋರಿಸುವ ಕೊನೆಯ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಹಿಂದಿನ ಬೆಂಚಿನಲ್ಲಿ ಕುಳಿತ ಪರೀಕ್ಷಕರಿಗೆ ಅವಳ ದನಿಯೇ ಕೇಳಿಸಿರಲಿಲ್ಲವಂತೆ. ಇದು ಎರಡನೆಯ ಸಲ, ಮೂರನೆಯದಕ್ಕೆ ಅವಕಾಶವಿಲ್ಲ. ಈ ಸಲವೂ ಹೋದರೆ ಟೀಚರ್ ಆಗುವ ಮಾತು ಅಲ್ಲಿಗೆ ಮುಗಿಯಿತು.

ಆಗ ಅವಳ ಕಾಲೇಜಿಗೆ ಹೊಸದಾಗಿ ಒಂದು ಸ್ಲೈಡ್ ಪ್ರೊಜೆಕ್ಟರ್ ಬಂದಿತ್ತು. ಪಾಠದಲ್ಲಿ ಯಂತ್ರ ಬಳಸಿದರೆ ಅದಕ್ಕೆಂದೇ ಹತ್ತು ಮಾರ್ಕು. ಇಲ್ಲದ ಉಸಾಬರಿ ಯಾಕೆಂದು ಮಿಕ್ಕವರೆಲ್ಲ ದೂರ ಉಳಿದರೆ ಇವಳು ಸಹಿ ಹಾಕಿ ಮನೆಗೇ ತಂದಳು. ನಮ್ಮನೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಮ್ಮ ಥಿಯೇಟರಿನ ಮಿಷನ್ನಿಗೆ ಇದು ಮೊಮ್ಮಗು ಎಂದರು. ಬೀಜ ಮೊಳೆಯುವ ಪಾಠ. ಗಾಜಿನ ತುಂಡುಗಳ ಮೇಲೆ ಅವಳೇ ಮಸಿಯಲ್ಲಿ ಹನ್ನೆರಡು ಚಿತ್ರ ಬರೆದಳು. ಕೂದಲೆಳೆಯಂಥ ಗೆರೆ, ಒಂದೂ ಕದಲಿರಲಿಲ್ಲ.

ಪರೀಕ್ಷೆಗೆ ಮೂರು ದಿನ ಇರುವಾಗ, ಬೆಳಗ್ಗೆ ತಿಂಡಿಯಾದ ಮೇಲೆ, ಅಡುಗೆಮನೆಯ ಕಿಟಕಿಗೆ ಕಂಬಳಿ ಕಟ್ಟಿ ಅಭ್ಯಾಸ ಮಾಡಿದಳು. ವಿದ್ಯಾರ್ಥಿ ನಾನೊಬ್ಬಳೇ. ದೀಪ ಆರಿದ್ದೇ ತಡ, ಗೋಡೆಯ ಮೇಲೆ ಕುಂಬಳಕಾಯಿಯಷ್ಟು ದೊಡ್ಡ ಬೀಜ ಮೂಡಿತು. ಅದಕ್ಕಿಂತ ಸೋಜಿಗವೆಂದರೆ ಅವಳ ದನಿ. ಆ ಕತ್ತಲಲ್ಲಿ ಗಟ್ಟಿಯಾಗಿ, ಎಲ್ಲೂ ತಡವರಿಸದೆ, ನೀರು ಹರಿದಂತೆ ಹರಿಯಿತು. ಒಂದೊಂದು ಚಿತ್ರಕ್ಕೂ ಗೊತ್ತಾಯ್ತಾ ಎಂದು ಕೇಳಿದಳು. ಒಂದೊಂದಕ್ಕೂ ನಾನು ಹೂಂ ಎಂದೆ.

ದೀಪ ಹಾಕಿದಾಗ ಅವಳ ಮುಖ ಅರಳಿತ್ತು. "ಹಾಗಾದ್ರೆ ಹೇಳಿ ಅಕ್ಕಾ, ಬೀಜದಿಂದ ಮೊದಲು ಹೊರಗೆ ಬರೋದು ಯಾವುದು?"

"ಎಲೆ," ಎಂದೆ.

"ಬೇರು ಅಂತ ಮೂರು ಸಲ ಹೇಳಿದ್ನಲ್ಲ. ನೀವೂ ಹೂಂ ಹೂಂ ಅಂದ್ರಿ."

"ಕತ್ತಲಲ್ಲಿ ಹೂಂ ಅನ್ನೋಕೇನಮ್ಮಾ, ಯಾರು ಮುಖ ನೋಡ್ತಾರೆ?"

ನಿಜ ಹೇಳಬೇಕೆಂದರೆ ಎರಡನೆಯ ಚಿತ್ರಕ್ಕೇ ನನಗೆ ದಾರಿ ತಪ್ಪಿತ್ತು. ಆಮೇಲೆ ಬೆಳಕಿನ ಕೋಲಿನಲ್ಲಿ ಕುಣಿಯುವ ಧೂಳು ನೋಡುತ್ತ ಕುಳಿತಿದ್ದೆ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಮ್ಮನೆಯವರು ನಕ್ಕರು. "ಟೀಚರಮ್ಮ, ಆಪರೇಟರಿಗೆ ಜನರ ಮುಖ ಕಾಣಲ್ಲ. ಕೆಮ್ಮು ಕೇಳಿಸುತ್ತೆ. ಸಿನಿಮಾ ಹಿಡಿಸಿದ್ರೆ ಒಬ್ರೂ ಕೆಮ್ಮಲ್ಲ. ನಿಮ್ಮಕ್ಕ ಆರು ಸಲ ಕೆಮ್ಮಿದ್ಲು, ನಾನು ಎಣಿಸಿದೀನಿ."

ಅವಳು ನಗಲಿಲ್ಲ. ಗಾಜುಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿಟ್ಟಳು. ಅವರು ಸ್ನಾನಕ್ಕೆ ಹೋದ ಮೇಲೆ ನನ್ನೊಬ್ಬಳಿಗೇ ಕೇಳುವಂತೆ ಹೇಳಿದಳು: "ಕತ್ತಲಲ್ಲಿ ನನ್ನನ್ನ ಯಾರೂ ನೋಡಲ್ಲ ಅಕ್ಕಾ. ಅದಕ್ಕೇ ದನಿ ಬರುತ್ತೆ."

ಹೇಗೋ ಪಾಸಾಗು, ಪರೀಕ್ಷಕರೇನು ಮಕ್ಕಳನ್ನು ನಿಲ್ಲಿಸಿ ಬೇರು ಎಲೆ ಕೇಳುತ್ತಾರೆಯೇ, ಸುಮ್ಮನೆ ಹನ್ನೆರಡೂ ತೋರಿಸಿ ಬಂದುಬಿಡು ಎಂದು ನಾನೇ ಬುದ್ಧಿ ಹೇಳಿದೆ. ಆ ಬುದ್ಧಿವಾದ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವಳು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ನನ್ನ ಡಬ್ಬಿಯಿಂದ ನಾಲ್ಕು ಹಿಡಿ ಕಡಲೆಕಾಳು ಕೇಳಿ ತೆಗೆದುಕೊಂಡು ನೀರಿಗೆ ಹಾಕಿದಳು.

ಪರೀಕ್ಷೆಯ ದಿನ ಅವಳ ಎರಡೂ ಕೈಯಲ್ಲಿ ಪ್ರೊಜೆಕ್ಟರ್. ಮೊಳಕೆಕಾಳಿನ ಪಾತ್ರೆಗೆ ಒದ್ದೆಬಟ್ಟೆ ಮುಚ್ಚಿ ನಾನು ಹಿಂದೆ ಹಿಂದೆ ಹೋದೆ. ಶಾಲೆಯಲ್ಲಿ ನನ್ನನ್ನು ತರಗತಿಯ ಬಾಗಿಲ ಹೊರಗೆ ನಿಲ್ಲಿಸಿದಳು. ನಲವತ್ತು ಮಕ್ಕಳು, ಕೊನೆಯ ಬೆಂಚಿನಲ್ಲಿ ಪೆನ್ನು ಹಿಡಿದ ಪರೀಕ್ಷಕರು, ಕಿಟಕಿಗಳಿಗೆ ಕಂಬಳಿ. ಮೊದಲ ಚಿತ್ರ ಬಂತು, ದನಿಯೂ ಬಂತು. ಎರಡನೆಯದು ಬಂತು. ಗೊತ್ತಾಯ್ತಾ ಎಂದಳು. ನಲವತ್ತು ಬಾಯಿ ಒಟ್ಟಿಗೆ ಹೂಂ ಎಂದವು.

ಆಮೇಲೆ ಸದ್ದಿಲ್ಲ. ಮೂರನೆಯ ಚಿತ್ರ ಬರಲಿಲ್ಲ. ಅಷ್ಟರಲ್ಲಿ ಅವಳು ಕಿಟಕಿಯ ಹತ್ತಿರ ಹೋಗಿ ಕಂಬಳಿಯನ್ನು ಎಳೆದುಹಾಕಿದಳು. ಬಿಸಿಲು ಒಳಗೆ ನುಗ್ಗಿ ಗೋಡೆಯ ಮೇಲಿನ ಬೀಜ ಅಳಿಸಿಹೋಯಿತು.

ನಾನು ಹೆದರಿದಂತೆಯೇ ಆಯಿತು. ಅವಳ ತುಟಿ ಅಲ್ಲಾಡುತ್ತಿದೆ, ದನಿ ಇಲ್ಲ. ಪರೀಕ್ಷಕರು ಏನೋ ಗೀಚಿಕೊಂಡರು. ಅವಳು ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ಬೆಂಚಿನಿಂದ ಬೆಂಚಿಗೆ ಬಗ್ಗಿ, ಒಬ್ಬೊಬ್ಬರ ಅಂಗೈಗೂ ಒಂದೊಂದು ಕಾಳು ಇಟ್ಟಳು. ಮುಂದಿನ ಸಾಲಿನ ಒಬ್ಬ ಹುಡುಗಿ ಕಾಳನ್ನು ಎತ್ತಿ ಹಿಡಿದು, "ಮಿಸ್, ಇದಕ್ಕೆ ಎಲೆ ಇಲ್ಲ, ಬರೀ ಬಾಲ ಇದೆ," ಎಂದಳು.

ತರಗತಿ ಗೊಳ್ಳೆಂದಿತು. ಅವಳಿಗೂ ನಗು ತಡೆಯಲಾಗಲಿಲ್ಲ, ಆ ನಗುವಿನ ಬೆನ್ನಿಗೇ ದನಿ ಹೊರಬಿತ್ತು. "ಬಾಲ ಅಲ್ಲ ಕಣೇ, ಬೇರು. ಅದೇ ಮೊದಲು ಬರೋದು. ಎಲೆ ಎಲ್ಲಿ ಅಡಗಿದೆ, ಬಿಡಿಸಿ ನೋಡಿ." ಹೊರಗಿದ್ದ ನನಗೂ ಕೇಳಿಸಿತು. ಮಕ್ಕಳು ಕಾಳು ಬಿಡಿಸಿದರು, ಕೇಳಿದರು, ಜಗಳವಾಡಿದರು. ಗಂಟೆ ಹೊಡೆದಾಗ ಪಾಠ ಮುಗಿದಿರಲಿಲ್ಲ. ಹತ್ತು ಗಾಜು ಹತ್ತಿಯಲ್ಲೇ ಉಳಿದಿದ್ದವು.

ಫಲಿತಾಂಶ ಬರುವವರೆಗೆ ಎಂಟು ದಿನ ಮನೆಯಲ್ಲಿ ಯಾರಿಗೂ ಅನ್ನ ರುಚಿಸಲಿಲ್ಲ. ಒಂಬತ್ತನೆಯ ದಿನ ಅವಳು ಅಂಗಳದಲ್ಲಿ ನಿಂತು, "ಪಾಸಾದೆ ಭಾವ. ಯಂತ್ರಕ್ಕೆ ಮಾತ್ರ ಹತ್ತಕ್ಕೆ ಮೂರು," ಎಂದಳು. ನನ್ನ ಕಸುಬಿಗೆ ಇಷ್ಟೇನಾ ಮರ್ಯಾದೆ ಎಂದು ನಮ್ಮನೆಯವರು ಸಿಟ್ಟು ನಟಿಸಿದರು, ಕಣ್ಣು ಒರೆಸಿಕೊಂಡದ್ದು ನಾನು ನೋಡಿದೆ.

ಯಂತ್ರ ಬಳಸಿದವರು ತಮ್ಮ ಅನುಭವವನ್ನು ಒಂದು ಪುಟ ಬರೆದು ಕೊಡಬೇಕಿತ್ತು. ಬರೆದದ್ದನ್ನು ನಮ್ಮಿಬ್ಬರಿಗೆ ಓದಿ ಹೇಳಿದಳು. ಇಷ್ಟು ವರ್ಷವಾದರೂ ನನಗೆ ಬಾಯಿಪಾಠ: 'ಪ್ರೊಜೆಕ್ಟರ್ ಒಳ್ಳೆಯ ಸಾಧನ. ಆದರೆ ಪಾಠ ಮಕ್ಕಳಿಗೆ ಕಾಣಲಿ ಎಂದು ನಾನು ಅದನ್ನು ತಂದಿರಲಿಲ್ಲ, ನಾನು ಯಾರಿಗೂ ಕಾಣದಿರಲಿ ಎಂದು ತಂದಿದ್ದೆ. ಇನ್ನೊಮ್ಮೆ ಬಳಸುವಾಗ ಎರಡೇ ಚಿತ್ರ ತೋರಿಸುತ್ತೇನೆ, ಒಂದು ಕಿಟಕಿ ತೆರೆದಿಡುತ್ತೇನೆ.'

ಎರಡು ತಿಂಗಳಿಗೆ ದೂರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅವಳ ಮೊದಲ ಕಾಗದವನ್ನು ಓದಿ ಹೇಳಿದವರು ನಮ್ಮನೆಯವರೇ, ಅಂಗಳದ ಕಲ್ಲಿನ ಮೇಲೆ ಕುಳಿತು, ಆಟಕ್ಕೆ ಹೊತ್ತಾಗುತ್ತಿದ್ದರೂ ಎರಡು ಸಲ. ಅಲ್ಲಿಗೆ ಇನ್ನೂ ಕರೆಂಟೇ ಬಂದಿಲ್ಲವಂತೆ. ಮೂವತ್ತೆರಡು ಮಕ್ಕಳಂತೆ. ಮುಖಗಳೆಲ್ಲ ಗುರುತಾಗಿವೆ ಭಾವ, ಹೆಸರು ಕಲಿಯುತ್ತಿದ್ದೇನೆ ಎಂದು ಬರೆದಿದ್ದಳು.