ಎದೆಯ ಜೊತೆ ಹೋದ ಲಿಂಗ

ಸೋನ್ಯಾಳದ ಗೊಲ್ಲಾಳಪ್ಪ ಮುಂಬಯಿಯಲ್ಲಿ ಡಾಕ್ಟರನಾಗಿದ್ದಾನೆಂಬುದು ಊರಿಗೆಲ್ಲ ಗೊತ್ತಿತ್ತು. ಎಂಥ ಡಾಕ್ಟರ್ ಎಂಬುದು ತಿಳಿದಿರಲಿಲ್ಲ. ರಜೆಗೆ ಬಂದಾಗ ಮುದುಕರು ಮೊಣಕಾಲು ನೋವು ಹೇಳಿಕೊಂಡು ಬರುತ್ತಿದ್ದರು. ಅದು ತನ್ನ ಕೆಲಸವಲ್ಲವೆಂದರೆ, “ಎದೀ ಡಾಕ್ಟರಂತ, ಮೊಣಕಾಲು ಗೊತ್ತಿಲ್ಲಂತ” ಎಂದು ನಗುತ್ತ ಏಳುತ್ತಿದ್ದರು.

ಹುಟ್ಟುವಾಗಲೇ ಹೃದಯ ಕೆಟ್ಟು, ಅತ್ತರೆ ತುಟಿ ನೀಲಿಗಟ್ಟುವ ಕೂಸುಗಳನ್ನು ಉಳಿಸುವುದು ಅವನ ಕೆಲಸ. ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಹೊಲಿಯುತ್ತಿದ್ದ. ಕೆಲವು ಕೂಸುಗಳ ತುಟಿ ಮೇಜಿನ ಮೇಲೆಯೇ ಕೆಂಪಾಗುತ್ತಿತ್ತು. ಕೆಲವು ಸಾಯುತ್ತಿದ್ದವು. ಯಾಕೆಂದು ತಿಳಿಯಲು ಸತ್ತ ಕೂಸಿನ ಹೃದಯವನ್ನೇ ಬಿಚ್ಚಿ ನೋಡಬೇಕಿತ್ತು. ಅದನ್ನು ಬೇಡುವವನ ಜೊತೆ ಯಾರೂ ಮಾತು ಬೆಳೆಸುತ್ತಿರಲಿಲ್ಲ. ಅವನ ಮದುವೆಯ ಮಾತೂ ಹಾಗೇ ಹಿಂದೆ ಸರಿದಿತ್ತು.

ಅಣ್ಣ ಸೋಮನಿಂಗಪ್ಪನ ಮಗಳು ದುಂಡವ್ವನಿಗೂ ಅದೇ ರೋಗ. ತುಸು ಓಡಿದರೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು. ಮುಂಬಯಿಗೆ ಕರೆತಾ ಎಂದು ಗೊಲ್ಲಾಳಪ್ಪ ಹೇಳಿಕಳಿಸಿದ್ದ. ಜೋಳದ ಸುಗ್ಗಿ ಮುಗಿಯಲಿ ಎಂದಿದ್ದ ಅಣ್ಣ. ಐವತ್ತಮೂರನೇ ಇಸವಿಯ ಮಾಘದಲ್ಲಿ ಕರೆದೊಯ್ಯಲು ಗೊಲ್ಲಾಳಪ್ಪ ತಾನೇ ಬಂದಾಗ, ಹುಡುಗಿಯನ್ನು ಗೋಡೆಗೆ ಆನಿಸಿ ಕೂಡಿಸಿ ಹಣೆಗೆ ವಿಭೂತಿ ಹಚ್ಚಿದ್ದರು. ಅಂಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಮಣ್ಣು ಮಾಡುವುದು ಆ ಮನೆಯ ಪದ್ಧತಿ.

ಅಳು ಇಳಿದ ಮೇಲೆ ಗೊಲ್ಲಾಳಪ್ಪ ಅತ್ತಿಗೆ ಇಂದ್ರಾಬಾಯಿಯ ಮುಂದೆ ಕೂತು, ಕೂಸಿನ ಹೃದಯ ಕೊಡಿರೆಂದು ಕೇಳಿದ. ಅಣ್ಣ ಎದ್ದು ಹೊರಗೆ ಹೋದ. ಮಂತ್ರ ಹೇಳಲು ಬಂದ ಅಯ್ಯನವರು ಮುಖ ತಿರುಗಿಸಿದರು.

“ಇದರಿಂದ ಬ್ಯಾರೆ ಕೂಸು ಉಳಿತಾವೇನು?” ಎಂದಳು ಇಂದ್ರಾಬಾಯಿ.

“ಗೊತ್ತಿಲ್ರಿ ವೈನಿ. ನೋಡಿದ ಮ್ಯಾಲೆ ಗೊತ್ತಾಗತೈತಿ.”

ಆಕೆ ಮಗಳ ಕೂದಲು ಸರಿಮಾಡಿದಳು. “ಲಿಂಗ ಎದೀಗಿ ಕಟ್ಟೂದು. ಎದಿ ಒಯ್ದರ ಲಿಂಗಾನೂ ಒಯ್ಯಿ. ಎರಡೂ ಅಗಲಿಸಬ್ಯಾಡ.”

ಬಾಗಿಲು ಹಾಕಿಕೊಂಡು ಅವನು ಕೆಲಸ ಮುಗಿಸಿದ. ಲಿಂಗವಿಲ್ಲದ ಹೆಣಕ್ಕೆ ಮಂತ್ರ ಹೇಳಲು ಅಯ್ಯನವರು ಒಪ್ಪಲಿಲ್ಲ. ಸೋಮನಿಂಗಪ್ಪ ತಾನೇ ಮಗಳನ್ನು ಕುಣಿಯಲ್ಲಿ ಕೂಡಿಸಿ ಮಣ್ಣು ಎಳೆದ. ಇನ್ನು ಈ ಹೊಸ್ತಿಲು ತುಳಿಯಬೇಡವೆಂದು ತಮ್ಮನಿಗೆ ಹೇಳಿದ.

ಮುಂಬಯಿಯಲ್ಲಿ ಹೃದಯ ಬಿಚ್ಚಿದಾಗ, ಹೊಲಿಯಬೇಕೆಂದಿದ್ದ ಶ್ವಾಸಕೋಶದ ನಾಳ ದಾರದ ಎಳೆಯಷ್ಟೂ ದಪ್ಪ ಇರಲಿಲ್ಲ. ಅಂಥ ಕೂಸುಗಳನ್ನು ಮೊದಲೇ ಗುರುತಿಸುವುದು ಹೇಗೆಂದು ಅವನು ಬರೆದ ಪ್ರಬಂಧವನ್ನು ದೂರದೇಶದವರೂ ಓದಿದರು. ಆ ಹೃದಯವಿಟ್ಟ ಗಾಜಿನ ಭರಣಿಯ ಕೊರಳಿಗೆ ಲಿಂಗ ಸುತ್ತಿದ ವಸ್ತ್ರ ಕಟ್ಟಿಟ್ಟಿದ್ದ. ಕಂಡದ್ದನ್ನು ಅವನು ಇನ್ನೂ ಹೇಳಬೇಕಾದದ್ದು ಒಬ್ಬನಿಗೆ, ಅಣ್ಣನಿಗೆ.

ಎರಡು ವರ್ಷದ ಮೇಲೆ ಊರ ಹತ್ತಿರದ ಉಮದಿಯ ಸಂತೆಯಲ್ಲಿ ಬಸ್ಸಿಳಿದ. ಸೋಮನಿಂಗಪ್ಪ ಕಡಲೆ ಅಳೆಯುತ್ತಿದ್ದವನು ತಲೆ ಎತ್ತಲಿಲ್ಲ.

“ಅಣ್ಣಾ, ಸುಗ್ಗಿ ಬಿಟ್ಟು ನೀ ಅವತ್ತ ಕರಕೊಂಡು ಬಂದಿದ್ರೂ ದುಂಡವ್ವ ಉಳೀತಿರಲಿಲ್ಲ. ನನ್ನ ಕೈಯಾಗ ಹೋಗತಿದ್ಲು.”

ಸೇರು ಹಿಡಿದ ಕೈ ನಿಂತಿತು.

“ಲಿಂಗ?”

“ಆಕಿ ಎದೀ ಜೋಡೀನ ಐತಿ.”

“ಅತ್ತಾಗ ಸರಿ. ಗಿರಾಕಿಗಿ ಅಡ್ಡ ನಿಂತಿ.”

ಗೊಲ್ಲಾಳಪ್ಪ ಸರಿದ. ವಿಜಾಪುರದ ಬಸ್ಸು ಬರುವವರೆಗೆ ಬೇವಿನ ನೆರಳಲ್ಲಿ ನಿಂತ, ಯಾರೂ ಕರೆಯಲಿಲ್ಲ. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದ. ಸೋಮನಿಂಗಪ್ಪ ಸೇರು ಕೆಳಗಿಟ್ಟು, ರುಮಾಲಿನ ಚುಂಗಿನಲ್ಲಿ ಮುಖ ಒತ್ತಿಕೊಂಡು ಕೂತಿದ್ದ. ಎದುರಿಗೆ ಗಿರಾಕಿ ಚೀಲ ಹಿಡಿದು ಕಾಯುತ್ತಿದ್ದ.